ತರಗೆಲೆ ಹೀರುವ ಯಂತ್ರ: ಕೊಳ್ಳುವ ಮುನ್ನ, ಕೊಂಡ ಮೇಲೆ

ಪ್ರಶ್ನೆ: ನಮ್ಮದು 40x60 ಸೈಟು. ಹಿತ್ತಿಲಲ್ಲಿ ಮಾವು, ಹೊಂಗೆ, ಗೇಟಿನ ಪಕ್ಕ ಕಾಡುಬಾದಾಮಿ. ಶಿವರಾತ್ರಿ ಹೊತ್ತಿಗೆ ದಿನಕ್ಕೆರಡು ಸಲ ಗುಡಿಸಿದರೂ ಸಾಲದು, ಸೊಂಟ ಹಿಡಿದುಕೊಳ್ಳುತ್ತದೆ. ಎಲೆ ಹೀರುವ ಯಂತ್ರ ತರೋಣವೆಂದರೆ 600 ವಾಟ್‌ನಿಂದ 3000 ವಾಟ್‌ವರೆಗೂ ಇವೆ. ಯಾವುದು ಒಳ್ಳೆಯದು?
– ಓದುಗರು, ಮೈಸೂರು

ಉತ್ತರ: 600 ವಾಟ್‌ನದನ್ನು ಮೊದಲೇ ಬಿಟ್ಟುಬಿಡಿ. ಅದು ಕಂಪ್ಯೂಟರು, ಫ್ಯಾನುಗಳ ದೂಳು ಊದುವ ಸಾಧನ. ಚೀಲ ಸಿಕ್ಕಿಸಿ ಹೀರಿಸಬಹುದು ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ, ಆದರೆ ಅದರ ಸಣ್ಣ ಬಾಯಿಗೆ ಒಂದು ಮಾವಿನೆಲೆ ಅಡ್ಡ ಬಂದರೆ ಕೆಲಸ ನಿಂತಿತು. ಊದುವುದು, ಹೀರುವುದು, ಪುಡಿ ಮಾಡುವುದು ಮೂರೂ ಇರುವ ತೋಟದ ಯಂತ್ರವನ್ನೇ ನೋಡಿ. ಕೊಳವೆಯ ಬಾಯಿ ಕನಿಷ್ಠ 10 ಸೆಂ.ಮೀ. ಅಗಲವಿರಲಿ.

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ‘ಗಂಟೆಗೆ 270 ಕಿ.ಮೀ.’ ಊದುವಾಗಿನ ಗಾಳಿಯ ವೇಗ. ಹೀರುವುದಕ್ಕೆ ಬೇಕಾದ್ದು ಗಾಳಿಯ ಪ್ರಮಾಣ. ಅದು ಗಂಟೆಗೆ 600 ಘನ ಮೀಟರಿಗಿಂತ ಕಡಿಮೆಯಿದ್ದರೆ ದಪ್ಪ ಎಲೆಗೆ ಸಾಲುವುದಿಲ್ಲ. ಅಂಗಡಿಯವರು ಈ ಅಂಕಿ ಹೇಳಲು ತಡಕಾಡಿದರೆ ಮಾಹಿತಿ ಪುಸ್ತಿಕೆ ಬಿಚ್ಚಿ ತೋರಿಸಲು ಹೇಳಿ.

ಇದಕ್ಕಿಂತ ಮುಖ್ಯವಾದದ್ದು ಒಳಗೆ ತಿರುಗುವ ರೆಕ್ಕೆಗಳ ಚಕ್ರ, ಅಂದರೆ ಇಂಪೆಲ್ಲರ್. ಎಲೆಯನ್ನು ಚೂರು ಮಾಡುವುದು ಅದೇ. ಪ್ಲಾಸ್ಟಿಕ್ಕಿನದಾದರೆ ಒಂದು ಜಲ್ಲಿಕಲ್ಲು ಒಳಹೊಕ್ಕರೂ ರೆಕ್ಕೆಯ ಅಂಚು ಮುರಿಯಬಹುದು. ಆಮೇಲೆ ತೂಕ ಸರಿದೂಗದೆ ಯಂತ್ರ ನಡುಗಿ ಬೇರಿಂಗ್ ಹೋಗುತ್ತದೆ. ಲೋಹದ ಇಂಪೆಲ್ಲರ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಲೋಹದ್ದೇ ಆದರೂ ನಿಮ್ಮ ಹಿತ್ತಿಲಲ್ಲಿ ಹೊಂಗೆಯ ಒಣಕಾಯಿ, ಬಾದಾಮಿಯ ಗಟ್ಟಿ ಓಟೆ ಬಿದ್ದಿರುತ್ತವೆ. ಅವನ್ನು ಮೊದಲು ಆರಿಸಿ ತೆಗೆಯಲೇಬೇಕು. ಹೊಂಗೆ ಎಲೆ ಸಲೀಸಾಗಿ ಹೋಗುತ್ತದೆ. ಅಂಗೈಗಿಂತ ಅಗಲವಾದ ಬಾದಾಮಿ ಎಲೆ ಗರಿಗರಿಯಾಗಿ ಒಣಗಿದ್ದರೆ ಮಾತ್ರ ಸರಿ. ಮೆತ್ತಗಿದ್ದರೆ ಕೊಳವೆಯ ಬಾಯಿಗೆ ಅಂಟಿಕೊಂಡು ಕೂರುತ್ತದೆ. ‘ಹತ್ತು ಚೀಲದ ಎಲೆ ಒಂದು ಚೀಲಕ್ಕೆ’ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಅರ್ಧದಷ್ಟು ನಿಜವಾದರೂ ಲಾಭವೇ.

3000 ವಾಟ್ ಯಂತ್ರ 230 ವೋಲ್ಟ್‌ನಲ್ಲಿ ಸುಮಾರು 13 ಆಂಪ್ಸ್ ಎಳೆಯುತ್ತದೆ. ಸಾಮಾನ್ಯ 6 ಆಂಪ್ಸ್ ಪ್ಲಗ್ಗಿಗೆ ಹಾಕಬೇಡಿ, ಗೀಸರಿಗೆ ಕೊಡುವಂಥ 16 ಆಂಪ್ಸ್ ಪಾಯಿಂಟ್ ಬೇಕು. ಎಕ್ಸ್‌ಟೆನ್ಷನ್ ವೈರು ಮೂರು ಎಳೆಯದು, 2.5 ಚದರ ಮಿ.ಮೀ. ದಪ್ಪದ್ದು, ಸುರುಳಿಯನ್ನು ಪೂರ್ತಿ ಬಿಚ್ಚಿಯೇ ಬಳಸಿ, ಇಲ್ಲದಿದ್ದರೆ ಕಾದು ಕರಗುತ್ತದೆ. 30 ಮಿಲಿಆಂಪ್ಸ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್) ಇಲ್ಲದ ಮನೆಯಲ್ಲಿ ಮೊದಲು ಅದನ್ನು ಹಾಕಿಸಿ.

ಬ್ಯಾಟರಿಯದು ಹಗುರ, ವೈರಿನ ತಾಪತ್ರಯವಿಲ್ಲ. ಆದರೆ 36 ವೋಲ್ಟ್, 4 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು 144 ವಾಟ್ ಅವರ್. ಮೋಟಾರು 800 ವಾಟ್ ಎಳೆದರೆ ಹನ್ನೊಂದು ನಿಮಿಷಕ್ಕೆ ಖಾಲಿ. ಮೂರು ಮರದ ಎಲೆಗೆ ವೈರಿನದೇ ಸರಿ. ಹೆಗಲಿಗೆ ಹಾಕುವ ಪಟ್ಟಿ ಇರುವುದನ್ನೇ ತನ್ನಿ, ಚೀಲ ತುಂಬಿದ ಮೇಲೆ ಅದಿಲ್ಲದಿದ್ದರೆ ಸೊಂಟದ ನೋವು ಭುಜಕ್ಕೆ ವರ್ಗವಾಗುತ್ತದೆ.

ಪ್ರಶ್ನೆ: ಹೊಸ ಯಂತ್ರ ಮೊದಲೆರಡು ದಿನ ಚೆನ್ನಾಗಿ ಹೀರಿತು. ಈಗ ಸದ್ದು ಮಾತ್ರ, ಎಲೆ ಏಳುವುದಿಲ್ಲ, ಹಿಡಿಯೂ ನಡುಗುತ್ತದೆ. ಕೆಲವೊಮ್ಮೆ ಶುರುವೇ ಆಗುವುದಿಲ್ಲ.
– ಓದುಗರು, ಶಿವಮೊಗ್ಗ

ಉತ್ತರ: ಒದ್ದೆ ಎಲೆ ಹೀರಿಸಿರಬೇಕು. ಅದು ಅರೆದಂತಾಗಿ ಇಂಪೆಲ್ಲರ್‌ನ ಒಂದು ಬದಿಗೆ ಮೆತ್ತಿಕೊಳ್ಳುತ್ತದೆ, ನಡುಕ ಬರುವುದು ಅದರಿಂದಲೇ. ಪ್ಲಗ್ ಕಿತ್ತು, ಕೊಳವೆ ಬಿಚ್ಚಿ, ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ. ನೀರು ಹಾಕಬೇಡಿ. ರೆಕ್ಕೆ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಅಂಚು ಮುರಿದಿದ್ದರೆ ಬದಲಿಸದೆ ಓಡಿಸಬೇಡಿ. ಚೀಲವನ್ನೂ ಒಳಹೊರಗು ಮಾಡಿ ಕೊಡವಿ. ಬಟ್ಟೆಯ ರಂಧ್ರಗಳಲ್ಲಿ ದೂಳು ಕಟ್ಟಿದರೆ ಗಾಳಿಗೆ ಹೊರದಾರಿ ಇರುವುದಿಲ್ಲ, ಆಗ ಎಂಥ ಮೋಟಾರಾದರೂ ಹೀರದು.

ಶುರುವಾಗದಿರುವುದು ಹೆಚ್ಚಾಗಿ ಕೆಟ್ಟಿದ್ದರಿಂದಲ್ಲ. ಕೊಳವೆಯೋ ಚೀಲವೋ ಸರಿಯಾಗಿ ಕೂರದಿದ್ದರೆ ಸುರಕ್ಷತಾ ಸ್ವಿಚ್ ಕರೆಂಟು ಬಿಡುವುದಿಲ್ಲ. ‘ಟಕ್’ ಎನ್ನುವವರೆಗೆ ಒತ್ತಿ ನೋಡಿ.

ಇನ್ನು ಮುಂದೆ ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಯ ನಂತರವೇ ಕೆಲಸ ಹಿಡಿಯಿರಿ. ಬಾಯಿಯನ್ನು ಗುಡ್ಡೆಯೊಳಗೆ ತೂರಿಸದೆ ನಾಲ್ಕು ಬೆರಳು ಮೇಲೆ ಹಿಡಿದು ಅಂಚಿನಿಂದ ಹೀರಿಸಿ. ಹಳೆಯ ಗುಡ್ಡೆಯಾದರೆ ಮೊದಲು ಉದ್ದ ಕೋಲಿನಿಂದ ಕೆದಕಿ. ಚೇಳು, ಹಾವಿಗೆ ಅದು ಇಷ್ಟದ ಜಾಗ. ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ.

ಪ್ರಶ್ನೆ: ಚೀಲದಲ್ಲಿ ಬಂದ ಪುಡಿಯನ್ನು ನೇರವಾಗಿ ಗಿಡಕ್ಕೆ ಹಾಕಬಹುದೇ?
– ಓದುಗರು, ಧಾರವಾಡ

ಉತ್ತರ: ಮುಚ್ಚಿಗೆಯಾಗಿ ಹಾಕಬಹುದು. ಎರಡು ಮೂರು ಇಂಚು ದಪ್ಪ, ಕಾಂಡದಿಂದ ನಾಲ್ಕು ಬೆರಳು ದೂರ. ಹಾಕಿದ ಕೂಡಲೇ ನೆನೆಸಿ, ಒಣಪುಡಿ ಗಾಳಿಗೆ ಹಾರುತ್ತದೆ. ಮಣ್ಣಿಗೆ ಬೆರೆಸಬೇಡಿ: ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ಎಳೆದುಕೊಳ್ಳುವುದರಿಂದ ಗಿಡ ಹಳದಿಯಾಗುತ್ತದೆ. ಗೊಬ್ಬರವೇ ಬೇಕಿದ್ದರೆ ಮೂರು ಬುಟ್ಟಿ ಪುಡಿಗೆ ಒಂದು ಬುಟ್ಟಿ ಹಸಿ ಕಸ ಸೇರಿಸಿ, ಸಗಣಿ ನೀರು ಚಿಮುಕಿಸಿ, ವಾರಕ್ಕೊಮ್ಮೆ ಮಗುಚಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ಗೋಡೆಗೆ ತಾಗಿಸಿ ರಾಶಿ ಹಾಕಬೇಡಿ, ಗೆದ್ದಲು ಹತ್ತುತ್ತದೆ.