ಹರಿಕೇನ್ ಬರ್ತಿದೆ, ಮನೆ ಗಟ್ಟಿಯಾಗಿದೆ. ಇರೋದಾ, ಹೊರಡೋದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಸಮುದ್ರದಿಂದ ಒಂದು ಕಿಲೋಮೀಟರ್ ದೂರ, ಕಾಂಕ್ರೀಟ್ ಮನೆ, ನೆಲಮಹಡಿ. ಜೊತೆಗೆ ಇನ್ಸುಲಿನ್ ತೆಗೆದುಕೊಳ್ಳುವ ವಯಸ್ಸಾದ ತಾಯಿ. ಮೂರು ದಿನದಲ್ಲಿ ಹರಿಕೇನ್, ಅಂದರೆ ಭಾರೀ ಚಂಡಮಾರುತ, ಬರುತ್ತದೆ, ಆದರೆ 'ಕೆಟಗರಿ 2 ಅಷ್ಟೇ'. ಮುನ್ಸೂಚನೆಯ ನಕ್ಷೆಯಲ್ಲಿ ಅದರ ದಾರಿಯ ನಡುಗೆರೆ ನಿಮ್ಮಿಂದ ದೂರದಲ್ಲಿದೆ. ಹಾಗಾಗಿ ಮನೆಯಲ್ಲೇ ಇದ್ದುಬಿಡಬಹುದಾ ಅಂತ ಕೇಳಿದ್ದೀರಿ.

ಇಷ್ಟೆಲ್ಲ ಬರೆದಿದ್ದೀರಿ, ಮುಖ್ಯವಾದ ಒಂದನ್ನೇ ಬಿಟ್ಟಿದ್ದೀರಿ. ನಿಮ್ಮ ಮನೆಯ ನೆಲ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ? ಮನೆ ಎಷ್ಟು ಗಟ್ಟಿ ಅನ್ನೋದು ಆಮೇಲಿನ ಮಾತು.

ನಾನೂ ಕರಾವಳಿಯವನೇ. ಒಮ್ಮೆ ನಿಮ್ಮ ಹಾಗೇ ಲೆಕ್ಕ ಹಾಕಿ ಮನೆಯಲ್ಲೇ ಉಳಿದೆ. ಮುಂಬಾಗಿಲಿಗೆ ಮರಳಿನ ಚೀಲ ಪೇರಿಸಿದ್ದೆ, ಹೊಸ್ತಿಲ ಸಂದಿಗೆ ಪ್ಲಾಸ್ಟಿಕ್ ತುರುಕಿದ್ದೆ. ನೀರು ಬಂದರೆ ಅಲ್ಲಿಂದಲೇ ಅಂತ ಟಾರ್ಚ್ ಹಿಡಿದು ಬಾಗಿಲನ್ನೇ ನೋಡುತ್ತಾ ಕೂತಿದ್ದೆ. ನೀರು ಬಂದದ್ದು ಬಚ್ಚಲಿನ ಜಾಲರಿಯಿಂದ. ಹಿಂದಿನಿಂದ, ಸದ್ದಿಲ್ಲದೆ. ಕಾಲಿಗೆ ತಣ್ಣಗೆ ತಾಗಿದಾಗಲೇ ಗೊತ್ತಾಗಿದ್ದು. ಮೊಣಕಾಲಿನವರೆಗೆ ಏರಿ ನಿಂತಿತು. ಅಲ್ಲಿಗೆ ನಿಂತದ್ದು ನನ್ನ ಜಾಣತನದಿಂದ ಅಲ್ಲ. ಅವತ್ತಿನ ಉಬ್ಬರ ಅಷ್ಟೇ ಇತ್ತು.

ಈಗ 'ಕೆಟಗರಿ 2 ಅಷ್ಟೇ' ಅನ್ನೋ ಮಾತು. ಈ 1ರಿಂದ 5ರವರೆಗಿನ ಅಂಕಿ ಬರೀ ಗಾಳಿಯ ವೇಗದ್ದು. ಸಫಿರ್ ಎಂಬ ಎಂಜಿನಿಯರ್, ಸಿಂಪ್ಸನ್ ಎಂಬ ಹವಾಮಾನ ತಜ್ಞ ಸೇರಿ 1970ರ ದಶಕದ ಶುರುವಿನಲ್ಲಿ ಮಾಡಿದ ಅಳತೆ ಅದು. ಕೆಟಗರಿ 2 ಅಂದರೆ ಗಂಟೆಗೆ 154ರಿಂದ 177 ಕಿಲೋಮೀಟರ್ ಗಾಳಿ. ಸಮುದ್ರ ಎಷ್ಟು ಉಕ್ಕುತ್ತದೆ, ಮಳೆ ಎಷ್ಟು ಸುರಿಯುತ್ತದೆ ಅನ್ನೋದು ಆ ಅಂಕಿಯಲ್ಲಿ ಇಲ್ಲವೇ ಇಲ್ಲ. ಮೊದಲು ಪ್ರತಿ ಕೆಟಗರಿಯ ಪಕ್ಕ ನೀರಿನ ಎತ್ತರವನ್ನೂ ಬರೆಯುತ್ತಿದ್ದರು. ಅದು ಜನರನ್ನು ದಾರಿ ತಪ್ಪಿಸುತ್ತದೆ ಅಂತ 2010ರಲ್ಲಿ ತೆಗೆದೇಬಿಟ್ಟರು.

ಯಾಕೆ ಅನ್ನೋದಕ್ಕೆ ಉದಾಹರಣೆ ಬೇಕಾ? 2008ರ ಐಕ್ ಎಂಬ ಹರಿಕೇನ್ ಅಮೆರಿಕದ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಹತ್ತಿರ ದಡ ಮುಟ್ಟಿದಾಗ ಕೆಟಗರಿ 2 ಅಷ್ಟೇ. ಆದರೆ ಗಾತ್ರದಲ್ಲಿ ಭಾರೀ ದೊಡ್ಡದು. ಪಕ್ಕದ ಬೊಲಿವರ್ ಪರ್ಯಾಯದ್ವೀಪದಲ್ಲಿ ನಾಲ್ಕೂವರೆಯಿಂದ ಆರು ಮೀಟರ್ ನೀರು ಏರಿ, ಸಾಲು ಸಾಲು ಮನೆಗಳಿದ್ದ ಜಾಗದಲ್ಲಿ ಬರೀ ಕಂಬಗಳು ಉಳಿದವು. 2005ರ ಕತ್ರೀನಾ ಕೂಡ ದಡ ಮುಟ್ಟುವಾಗ ಕೆಟಗರಿ 3ಕ್ಕೆ ಇಳಿದಿತ್ತು. ಮಿಸಿಸಿಪ್ಪಿ ರಾಜ್ಯದ ಕಡಲ ತೀರದಲ್ಲಿ ನೀರು 8 ಮೀಟರ್ ದಾಟಿತು. 2012ರ ಸ್ಯಾಂಡಿ ನೆಲಕ್ಕೆ ಬರುವ ಹೊತ್ತಿಗೆ ಲೆಕ್ಕದ ಪ್ರಕಾರ ಹರಿಕೇನ್ ಕೂಡ ಆಗಿರಲಿಲ್ಲ. ಅದು ನ್ಯೂಯಾರ್ಕಿನ ಸುರಂಗ ರೈಲಿನೊಳಗೆ ಸಮುದ್ರವನ್ನೇ ನುಗ್ಗಿಸಿತು.

ಗಾಳಿ ಗಂಟೆಗಟ್ಟಲೆ ನೀರನ್ನು ದಡದ ಕಡೆ ತಳ್ಳುತ್ತಾ ಇರುತ್ತದೆ. ಸಮುದ್ರ ಆಳವಾಗಿದ್ದರೆ ನೀರು ಕೆಳಗಿನಿಂದ ಹಿಂದೆ ಸರಿಯುತ್ತದೆ. ದೂರದವರೆಗೂ ತಳ ಆಳವಿಲ್ಲದ ಕಡೆ ಅದಕ್ಕೆ ಹೋಗಲು ಜಾಗವಿಲ್ಲ, ಹಾಗಾಗಿ ಊರೊಳಗೆ ಬರುತ್ತದೆ. ಇದನ್ನೇ ಸರ್ಜ್ ಅನ್ನುತ್ತಾರೆ. ಒಂದು ಘನ ಮೀಟರ್ ನೀರು ಹತ್ತಿರ ಹತ್ತಿರ ಒಂದು ಟನ್ ತೂಗುತ್ತದೆ. ಅದರ ಮೇಲೆ ಅಲೆ, ಅಲೆಯ ಜೊತೆ ಮುರಿದ ಮರ, ದೋಣಿ, ಬೇರೆಯವರ ಮನೆಯ ತೊಲೆ. ನಿಮ್ಮ ಕಾಂಕ್ರೀಟ್ ಗೋಡೆ ತಡೆದುಕೊಳ್ಳಬಹುದು. ಆದರೆ ಗೋಡೆ ನಿಂತಿದ್ದು, ಒಳಗೆ ಸೀಲಿಂಗ್‌ವರೆಗೆ ನೀರು ತುಂಬಿದರೆ ಏನು ಮಾಡುತ್ತೀರಿ? ಒಂದು ಕಿಲೋಮೀಟರ್ ದೂರ ಕೂಡ ದೊಡ್ಡ ಮಾತಲ್ಲ. ನೆಲ ತಗ್ಗಾಗಿದ್ದರೆ ನೀರು ಹಲವು ಕಿಲೋಮೀಟರ್ ಒಳಗೆ ಬರುತ್ತದೆ. ಹತ್ತಿರದಲ್ಲಿ ಹಿನ್ನೀರೋ ಕಾಲುವೆಯೋ ಇದ್ದರೆ ಅದರ ಮೂಲಕ ಹಿತ್ತಲಿಗೇ ಬರುತ್ತದೆ.

ಇನ್ನು ನಕ್ಷೆಯ ಕಥೆ. ಅದರಲ್ಲಿ ಮುಂದೆ ಹೋದಂತೆ ಅಗಲವಾಗುವ ಒಂದು ಬಿಳಿ ಪಟ್ಟೆ ಇರುತ್ತದೆ ನೋಡಿ, ಕೋನ್ ಅಂತಾರೆ. ಚಂಡಮಾರುತ ಅಷ್ಟು ಅಗಲ ಇದೆ ಅಂತ ಅದರ ಅರ್ಥ ಅಲ್ಲ. ಚಂಡಮಾರುತದ ಕೇಂದ್ರ ಆ ಪಟ್ಟೆಯೊಳಗೆ ಎಲ್ಲಾದರೂ ಹೋಗಬಹುದು ಅಂತಷ್ಟೇ. ಅದೂ ಮೂರರಲ್ಲಿ ಸುಮಾರು ಎರಡು ಸಲ ಮಾತ್ರ. ಉಳಿದ ಒಂದು ಸಲ ಕೇಂದ್ರವೇ ಪಟ್ಟೆಯ ಆಚೆ ಹೋಗುತ್ತದೆ. 2024ರ ಹೆಲೀನ್ ಫ್ಲೋರಿಡಾದ ಟ್ಯಾಂಪಾ ಕೊಲ್ಲಿಯಿಂದ 150 ಕಿಲೋಮೀಟರಿಗೂ ದೂರದಲ್ಲಿ, ಸಮುದ್ರದ ಮೇಲೇ ಹಾದು ಹೋಯಿತು. ಆದರೂ ಅಲ್ಲಿ ದಾಖಲೆಯ ಮಟ್ಟಕ್ಕೆ ನೀರು ಏರಿತು. ಆಮೇಲೆ ಕಡಲಿಂದ ನೂರಾರು ಕಿಲೋಮೀಟರ್ ಒಳಗಿರುವ ಉತ್ತರ ಕೆರೊಲೈನಾದ ಗುಡ್ಡಗಾಡಿನಲ್ಲಿ ಪ್ರವಾಹ ತಂದು ಜನರನ್ನು ಕೊಂದಿತು. ನಡುಗೆರೆ ನೋಡಿ ನಿಟ್ಟುಸಿರು ಬಿಡುವ ಅಭ್ಯಾಸ ನನಗೂ ಇತ್ತು. ಬಿಟ್ಟಿದ್ದೇನೆ.

ಕೆಲವು ಸಲ ಇದರ ಉಲ್ಟಾ ಆಗುತ್ತದೆ. ಗಾಳಿ ದಡದಿಂದ ಸಮುದ್ರದ ಕಡೆ ಬೀಸಿದರೆ ನೀರು ಹಿಂದೆ ಸರಿದು ತಳ ಕಾಣುತ್ತದೆ. 2017ರ ಇರ್ಮಾ, 2022ರ ಇಯಾನ್ ಬಂದಾಗ ಟ್ಯಾಂಪಾದಲ್ಲಿ ಹಾಗಾಯಿತು. ಜನ ಅದರ ಮೇಲೆ ಓಡಾಡಿ ಫೋಟೋ ತೆಗೆದುಕೊಂಡರು! ದಯವಿಟ್ಟು ನೀವು ಇಳಿಯಬೇಡಿ. ಹೋದ ನೀರು ತಿರುಗಿ ಬರುತ್ತದೆ.

ಹಾಗಾದರೆ ಏನು ಮಾಡೋದು? ಇವತ್ತೇ, ಈಗಲೇ, ನಿಮ್ಮ ಸ್ಥಳೀಯ ಆಡಳಿತದ ನಕ್ಷೆಯಲ್ಲಿ ನಿಮ್ಮ ಮನೆ ಯಾವ ತೆರವು ವಲಯದಲ್ಲಿದೆ ನೋಡಿ. ನೀರು ಬರುವ ವಲಯದಲ್ಲಿದ್ದರೆ ಹೊರಡಿ. ಆದೇಶ ಬರಲಿ ಅಂತ ಕಾಯಬೇಡಿ. ಆ ವಲಯದಲ್ಲಿ ಇಲ್ಲ, ಎತ್ತರದಲ್ಲಿದ್ದೀರಿ, ಚಾವಣಿಯೂ ಗಟ್ಟಿ ಇದೆ ಅಂದರೆ ಇರಬಹುದು. ನೀರಿನಿಂದ ದೂರ ಓಡು, ಗಾಳಿಯಿಂದ ಅವಿತುಕೋ ಅಂತ ಹರಿಕೇನ್ ನಾಡಿನವರು ಹೇಳುವುದು ಇದಕ್ಕೇ.

ಹೊರಡೋದು ಅಂದರೆ ನೂರಾರು ಕಿಲೋಮೀಟರ್ ಓಡಬೇಕು ಅಂತಲ್ಲ. ಈ ತಪ್ಪು ತಿಳಿವಳಿಕೆಯಿಂದಲೇ ರಸ್ತೆಗಳು ತುಂಬಿಹೋಗುತ್ತವೆ. 2005ರಲ್ಲಿ ಕತ್ರೀನಾ ಆಗಿ ಕೆಲವೇ ವಾರಕ್ಕೆ ರೀಟಾ ಬಂದಾಗ ಹ್ಯೂಸ್ಟನ್ ಕಡೆಯ ಲಕ್ಷಾಂತರ ಜನ ಒಟ್ಟಿಗೇ ಹೊರಟರು. ಸುಡುವ ಬಿಸಿಲಲ್ಲಿ ಗಂಟೆಗಟ್ಟಲೆ ರಸ್ತೆಯಲ್ಲೇ ಸಿಕ್ಕಿಹಾಕಿಕೊಂಡರು. ವೃದ್ಧಾಶ್ರಮದವರನ್ನು ಸಾಗಿಸುತ್ತಿದ್ದ ಒಂದು ಬಸ್ಸಿಗೆ ಬೆಂಕಿ ಬಿದ್ದು 23 ಜನ ಸತ್ತರು. ನಿಮಗೆ ಬೇಕಾದ್ದು ಎತ್ತರದ ಜಾಗದಲ್ಲಿ ಒಂದು ಗಟ್ಟಿ ಮನೆ. ಅದು 30 ಕಿಲೋಮೀಟರ್ ದೂರದಲ್ಲಿ ಪರಿಚಯದವರ ಹತ್ತಿರ ಸಿಕ್ಕರೆ ಸಾಕು. ಯಾರೂ ಇಲ್ಲದಿದ್ದರೆ ಸರ್ಕಾರಿ ಆಶ್ರಯತಾಣ. ಅಲ್ಲಿ ಹಾಸಿಗೆ ಸಿಗುತ್ತೆ ಅಂದುಕೊಳ್ಳಬೇಡಿ, ಹೊದಿಕೆ ನೀವೇ ಒಯ್ಯಿರಿ.

ಒಂದು ದಿನ ಮೊದಲೇ ಹೊರಡಿ, ಹಗಲಲ್ಲಿ ಹೊರಡಿ. ಟಿವಿಯಲ್ಲಿ 'ಹರಿಕೇನ್ ವಾಚ್' ಅಂದರೆ ಆ ಮಟ್ಟದ ಗಾಳಿ ಬರಬಹುದು ಅಂತ, 'ವಾರ್ನಿಂಗ್' ಅಂದರೆ ಬರುವುದು ಬಹುಪಾಲು ಖಚಿತ ಅಂತ. ವಾರ್ನಿಂಗ್ ಕೊಡುವುದು 36 ಗಂಟೆ ಮೊದಲು. ಈ 36 ಗಂಟೆ ಚಂಡಮಾರುತದ ಕೇಂದ್ರ ಬರುವವರೆಗಿನದ್ದಲ್ಲ, ಹೊರಗೆ ಕೆಲಸ ಮಾಡಲು ಆಗದಷ್ಟು ಗಾಳಿ ಶುರುವಾಗುವವರೆಗಿನದ್ದು. ಗಾಳಿ ಜೋರಾದರೆ ಸೇತುವೆಗಳನ್ನು ಮುಚ್ಚುತ್ತಾರೆ. ಇನ್ನೂ ನೋಡೋಣ ಅಂತ ಕೂರುವವರಿಗೆ 2023ರಲ್ಲಿ ಮೆಕ್ಸಿಕೋದ ಅಕಾಪುಲ್ಕೊಗೆ ಅಪ್ಪಳಿಸಿದ ಓಟಿಸ್ ನೆನಪಿಸುತ್ತೇನೆ. ಸಾಧಾರಣ ಬಿರುಗಾಳಿಯಾಗಿದ್ದದ್ದು ಒಂದೇ ದಿನದೊಳಗೆ ಕೆಟಗರಿ 5 ಆಯಿತು.

ತಾಯಿಯವರ ಇನ್ಸುಲಿನ್ ಬಗ್ಗೆ. ಕನಿಷ್ಠ ಎರಡು ವಾರಕ್ಕೆ ಆಗುವಷ್ಟು ಈಗಲೇ ತೆಗೆದಿಟ್ಟುಕೊಳ್ಳಿ. ಸಿರಿಂಜ್, ಪರೀಕ್ಷೆಯ ಪಟ್ಟಿ, ವೈದ್ಯರ ಚೀಟಿಯ ಪ್ರತಿ ಎಲ್ಲ ಒಂದೇ ಚೀಲದಲ್ಲಿರಲಿ. ಇನ್ಸುಲಿನ್ ಬಾಟಲಿಯನ್ನು ನೇರವಾಗಿ ಮಂಜುಗಡ್ಡೆಯ ಮೇಲೆ ಇಡಬೇಡಿ, ಹೆಪ್ಪುಗಟ್ಟಿದರೆ ಅದು ಉಪಯೋಗಕ್ಕೆ ಬರುವುದಿಲ್ಲ. ಬಟ್ಟೆ ಸುತ್ತಿ ಇಡಿ. ಸಾಮಾನ್ಯವಾಗಿ ಬರುವ ಹೆಚ್ಚಿನ ಇನ್ಸುಲಿನ್‌ಗಳು 30 ಡಿಗ್ರಿ ಒಳಗಿನ ಕೋಣೆಯ ಬಿಸಿಯಲ್ಲಿ ಸುಮಾರು 28 ದಿನ ತಡೆಯುತ್ತವೆ. ನಿಮ್ಮದರ ಪೆಟ್ಟಿಗೆಯ ಮೇಲೆ ಏನಿದೆ ಓದಿಕೊಳ್ಳಿ.

ಮನೆಯ ಮಟ್ಟಿಗೆ ನಾನು ಮಾಡುವುದು ಸ್ವಲ್ಪವೇ. ಅಂಗಳದಲ್ಲಿರುವ ಕುಂಡ, ಕುರ್ಚಿ, ಸೈಕಲ್ ಎಲ್ಲ ಒಳಗೆ. ಇಲ್ಲದಿದ್ದರೆ ಅವೇ ಪಕ್ಕದ ಮನೆಯ ಕಿಟಕಿಗೆ ಗುಂಡಿನಂತೆ ಬಡಿಯುತ್ತವೆ. ಕಿಟಕಿಗೆ ಶಟರ್, ಇಲ್ಲವೇ ದಪ್ಪ ಪ್ಲೈವುಡ್. ಗಾಜಿನ ಮೇಲೆ ಅಡ್ಡಡ್ಡ ಟೇಪ್ ಅಂಟಿಸುವುದು ಸುಮ್ನೆ ಸಮಾಧಾನಕ್ಕೆ. ಗಾಜು ಒಡೆಯುವುದನ್ನು ಅದು ತಡೆಯುವುದಿಲ್ಲ, ಒಡೆದ ಚೂರು ದೊಡ್ಡದಾಗುತ್ತದೆ ಅಷ್ಟೇ. 'ಒತ್ತಡ ಸಮ ಆಗಲಿ' ಅಂತ ಒಂದು ಕಿಟಕಿ ತೆರೆದಿಡಲು ಹೇಳುವವರೂ ಇದ್ದಾರೆ. ಕೇಳಬೇಡಿ. ಒಳಗೆ ನುಗ್ಗಿದ ಗಾಳಿ ಚಾವಣಿಯನ್ನು ಕೆಳಗಿನಿಂದ ಎತ್ತುತ್ತದೆ. ಅಗಲವಾದ ಗ್ಯಾರೇಜ್ ಬಾಗಿಲು ಇದ್ದರೆ ಅದಕ್ಕೇ ಮೊದಲು ಆಸರೆ ಕೊಡಿ, ಎಷ್ಟೋ ಮನೆಗಳಲ್ಲಿ ಗಾಳಿ ಒಳಗೆ ಬರುವುದು ಅಲ್ಲಿಂದ. ಕುಡಿಯಲು ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು, ಒಂದು ವಾರಕ್ಕೆ. ಹೊರಡುವವರೂ ಇದನ್ನು ಇಟ್ಟುಹೋಗಿ, ವಾಪಸ್ ಬಂದಾಗ ನಲ್ಲಿಯಲ್ಲಿ ನೀರು ಇರುವುದಿಲ್ಲ. ಪ್ರತಿ ಕೋಣೆಯನ್ನೂ ವೀಡಿಯೊ ಮಾಡಿಟ್ಟುಕೊಳ್ಳಿ, ವಿಮೆಯವರು ಕೇಳುತ್ತಾರೆ. ಫ್ರೀಜರಿನಲ್ಲಿ ಒಂದು ಲೋಟ ನೀರು ಗಟ್ಟಿ ಮಾಡಿ ಮೇಲೆ ಒಂದು ನಾಣ್ಯ ಇಟ್ಟುಹೋಗಿ. ಬಂದಾಗ ನಾಣ್ಯ ತಳ ಸೇರಿದ್ದರೆ ಎಲ್ಲ ಒಮ್ಮೆ ಕರಗಿತ್ತು ಅಂತ, ಒಳಗಿನದ್ದೆಲ್ಲ ಬಿಸಾಕಿ.

ಒಂದು ವೇಳೆ ಹೊರಡಲು ಆಗಲೇ ಇಲ್ಲ ಅಂದರೆ, ಕಿಟಕಿ ಇಲ್ಲದ ಒಳಕೋಣೆಯಲ್ಲಿರಿ. ನೀರು ಬರುವ ಮೊದಲೇ ಮೇನ್ ಸ್ವಿಚ್ ಆರಿಸಿ. ನೀರಲ್ಲಿ ನಿಂತುಕೊಂಡು ಮುಟ್ಟಬೇಡಿ. ನಡುವೆ ಗಾಳಿ ನಿಂತು ಆಕಾಶ ಬೆಳಗಾದರೆ ಮುಗಿಯಿತು ಅಂತ ಹೊರಗೆ ಹೋಗಬೇಡಿ, ಅದು ಚಂಡಮಾರುತದ ಕಣ್ಣು. ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಅಷ್ಟೇ ಜೋರಾಗಿ ಶುರುವಾಗುತ್ತದೆ. ನೀರು ಏರಿದರೆ ಮೇಲೆ ಹತ್ತಬೇಕು, ಆದರೆ ಹೊರಗೆ ದಾರಿ ಇಲ್ಲದ ಅಟ್ಟಕ್ಕೆ ಹತ್ತಬೇಡಿ. ಕತ್ರೀನಾದಲ್ಲಿ ಹಾಗೆ ಹತ್ತಿದ ಎಷ್ಟೋ ಜನ ಹೊರಗೆ ಬರಲಾಗದೆ ಅಲ್ಲೇ ಸತ್ತರು. ಅಲ್ಲಿನ ಕೆಲವರು ಅಟ್ಟದಲ್ಲಿ ಕೊಡಲಿ ಇಟ್ಟುಕೊಳ್ಳುವುದು ಇಂಥ ಅಪಾಯಕ್ಕೇ.

ಎಲ್ಲರೂ ಕಮ್ಮಿ ಮಾತಾಡುವುದು ಆಮೇಲಿನ ದಿನಗಳ ಬಗ್ಗೆ. ಬಿಸಿಲು ಬರುತ್ತದೆ, ಕರೆಂಟ್ ಇರುವುದಿಲ್ಲ, ಎಲ್ಲೆಲ್ಲೂ ಕೆಸರು ಮತ್ತು ಡೀಸೆಲ್ ವಾಸನೆ. ಆಗ ಜನರೇಟರ್ ಹಚ್ಚುತ್ತಾರೆ. ಮಳೆಗೆ ನೆನೆಯುತ್ತೆ ಅಂತ ಗ್ಯಾರೇಜಿನಲ್ಲೋ ಕಿಟಕಿ ಪಕ್ಕದಲ್ಲೋ ಇಡುತ್ತಾರೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ. 2020ರಲ್ಲಿ ಲಾರಾ ಹರಿಕೇನ್ ಹೋದ ಮೇಲೆ ಲೂಯಿಸಿಯಾನಾದಲ್ಲಿ ಒಂದೇ ಮನೆಯವರು ಒಟ್ಟಿಗೇ ಹೀಗೆ ಸತ್ತರು. ಮನೆಯಿಂದ ಕನಿಷ್ಠ ಆರು ಮೀಟರ್ ದೂರ, ಬಯಲಲ್ಲಿ ಇಡಿ. ಅದರ ವೈರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿ ಇಡೀ ಮನೆಗೆ ಕೊಡುವ ಚಾಲಾಕಿತನ ಬೇಡ. ಆ ಕರೆಂಟ್ ಹೊರಗಿನ ತಂತಿಗೆ ಹರಿದು ರಿಪೇರಿಗೆ ಬಂದ ಲೈನ್‌ಮನ್ ಸಾಯುತ್ತಾನೆ. ಉಪ್ಪುನೀರಲ್ಲಿ ಮುಳುಗಿದ ಎಲೆಕ್ಟ್ರಿಕ್ ಕಾರನ್ನು ಮನೆಗೆ ತಾಗಿಸಿ ನಿಲ್ಲಿಸಬೇಡಿ, ಇಯಾನ್ ನಂತರ ಅಂಥವು ಕೆಲವು ದಿನ ಬಿಟ್ಟು ಹೊತ್ತಿಕೊಂಡಿದ್ದವು. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ವಾಪಸ್ ತಿರುಗಿ. 60 ಸೆಂಟಿಮೀಟರ್ ಹರಿಯುವ ನೀರು ಹೆಚ್ಚಿನ ವಾಹನಗಳನ್ನು ತೇಲಿಸಿಕೊಂಡು ಹೋಗುತ್ತದೆ. ವಯಸ್ಸಾದವರಿಗೆ ಆ ಸೆಖೆಯೇ ದೊಡ್ಡ ಶತ್ರು. ಕರೆಂಟ್ ಬರುವವರೆಗೆ ತಾಯಿಯವರನ್ನು ವಾಪಸ್ ಕರೆತರಬೇಡಿ.

ಕೊನೆಗೆ, ನೀವು ಬರೆಯದೇ ಇದ್ದರೂ ನನಗೆ ಅನುಮಾನ ಬಂದ ಒಂದು ವಿಷಯ. 'ಅಮ್ಮ ಮನೆ ಬಿಟ್ಟು ಬರಲ್ಲ ಅಂತಾರೆ' ಅನ್ನೋದೇ ನಿಜವಾದ ತೊಡಕು ಅಲ್ವಾ? ನಮ್ಮ ಅಪ್ಪನೂ ಹಾಗೇ. 'ಇಂಥ ಎಷ್ಟು ಗಾಳಿ ನೋಡಿಲ್ಲ ನಾನು' ಅಂತ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಕೆಟಗರಿ, ಸರ್ಜ್ ಅಂತ ವಾದ ಮಾಡಿ ಸೋತೆ. ಆಮೇಲೆ, 'ಸರಿ ಅಪ್ಪಾ, ನೀವು ಬರಲ್ಲ ಅಂದ್ರೆ ನಾವೂ ಇಲ್ಲೇ ಇರ್ತೀವಿ, ಮಗೂನೂ ಇಲ್ಲೇ ಇರುತ್ತೆ' ಅಂದೆ. ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ಎದ್ದು ಕನ್ನಡಕದ ಡಬ್ಬಿ ಹುಡುಕತೊಡಗಿದರು. ನೀವು ಮಾತು ಶುರು ಮಾಡುವ ಮೊದಲೇ ಅವರ ದಿಂಬು, ಹೊದಿಕೆ ಕಾರಿನಲ್ಲಿ ಇಟ್ಟುಬಿಡಿ. ನಾಳೆ ಬೆಳಿಗ್ಗೆಯೇ ಹೊರಡಿ, ಮಧ್ಯಾಹ್ನ ಮಾಡಬೇಡಿ.