ಅರಳು ಮರಳು ಅಂದುಕೊಂಡಿದ್ದು

(ಗುರುತು ಸಿಗದ ಹಾಗೆ ಊರು, ಮನೆಯ ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಬುಧವಾರ ಬೆಳಿಗ್ಗೆ ಏಳಕ್ಕೆ ತಾಲ್ಲೂಕು ಆಸ್ಪತ್ರೆಯೊಂದರ ಸಿಸ್ಟರ್ ಫೋನ್ ಮಾಡಿದರು. "ಮೇಡಂ, ರಿಟೈರ್ಡ್ ಮೇಷ್ಟ್ರೊಬ್ರು ಅಡ್ಮಿಟ್ ಆಗಿದಾರೆ, 72 ವರ್ಷ. ಭಾನುವಾರ ರಾತ್ರಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿದೆ. ನಿನ್ನೆ ರಾತ್ರಿಯೆಲ್ಲ ಇರುವೆ ಹರೀತಿದೆ ಅಂತ ಹೊದಿಕೆ ಕೊಡವ್ತಾನೇ ಇದ್ರು. ವಯಸ್ಸಾಯ್ತಲ್ಲ, ಅರಳು ಮರಳು ಅಂತಾನೆ ಮಗ. ನನಗ್ಯಾಕೋ ಹಾಗನ್ನಿಸ್ತಿಲ್ಲ."

ನಾನು ಹೋದಾಗ ಮೇಷ್ಟ್ರ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ಮೈಯೆಲ್ಲ ಬೆವರು. ಕಟ್ಟಿದ ಕೈಗಳೂ ನಡುಗುತ್ತಿದ್ದವು. ತಲೆಯ ಸ್ಕ್ಯಾನ್, ಸೋಡಿಯಂ, ಸೋಂಕಿನ ಪರೀಕ್ಷೆ ಎಲ್ಲವನ್ನೂ ಡಾಕ್ಟರು ಮಾಡಿಸಿದ್ದರು, ಅವುಗಳಲ್ಲಿ ಏನೂ ಸಿಕ್ಕಿರಲಿಲ್ಲ. ಕೇಸ್ ಶೀಟ್ ತಿರುವಿದೆ. ಬಿಪಿ, ಶುಗರ್, ಅಲರ್ಜಿ ಎಲ್ಲ ಬರೆದಿತ್ತು. ಅಭ್ಯಾಸಗಳು ಅನ್ನುವ ಸಾಲು ಮಾತ್ರ ಖಾಲಿ.

"ನಾನು ಅವರ ಹತ್ರಾನೇ ಏಳನೇ ಕ್ಲಾಸ್ ಓದಿದ್ದು. ಕುಡೀತೀರಾ ಮೇಷ್ಟ್ರೇ ಅಂತ ಹೆಂಗೆ ಕೇಳ್ಲಿ?" ಅಂದರು ಡಾಕ್ಟರು. ಅವರ ಸಂಕಟ ನನಗೆ ಅರ್ಥವಾಯಿತು. ನಮ್ಮಲ್ಲಿ ಹಿರಿಯರ ಮೇಲಿನ ಗೌರವವೇ ಎಷ್ಟೋ ಸಲ ಈ ಪ್ರಶ್ನೆಯ ಬಾಯಿ ಮುಚ್ಚಿಸುತ್ತದೆ.

ಮಗನನ್ನು ಹೊರಗೆ ಕರೆದು ಕೇಳಿದೆ. ನೆಲ ನೋಡುತ್ತಾ ಹೇಳಿದ: "ಅಮ್ಮ ಹೋದ್ಮೇಲೆ ಶುರುವಾಗಿದ್ದು. ಊಟಕ್ಕೆ ಮುಂಚೆ ಒಂದು ನೈಂಟಿ ತಗೋತಿದ್ರು. ಈಚೆಗೆ ಎರಡಾಗಿದೆ. ನಾನೇ ತಂದ್ಕೊಡ್ತೀನಿ. ಈ ವಯಸ್ಸಲ್ಲಿ ಅವರಿಗೆ ಇನ್ನೇನಿದೆ ಮೇಡಂ?" ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಕವರ್ ಸಮೇತ ತರಿಸಿ ಮೇಜಿನ ಮೇಲೆ ಸುರಿದೆವು. ಬಿಪಿ ಮಾತ್ರೆ, ಶುಗರ್ ಮಾತ್ರೆ, ಗ್ಯಾಸ್ ಮಾತ್ರೆಗಳ ನಡುವೆ ಅರ್ಧ ಖಾಲಿಯಾದ ಆಲ್‌ಪ್ರಜೋಲಾಮ್ ಸ್ಟ್ರಿಪ್ ಒಂದಿತ್ತು. ಎರಡು ವರ್ಷದ ಹಿಂದೆ ಯಾರೋ ಹದಿನೈದು ದಿನಕ್ಕೆ ಬರೆದುಕೊಟ್ಟ ನಿದ್ದೆ ಮಾತ್ರೆ. ಅದೇ ಹಳೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ತರುತ್ತಲೇ ಇದ್ದರು.

ಭಾನುವಾರ ರಾತ್ರಿಯಿಂದ ಎರಡೂ ಒಟ್ಟಿಗೆ ನಿಂತಿದ್ದವು. ರೂಢಿಯಾದ ಮದ್ಯ ಥಟ್ಟನೆ ನಿಂತರೆ ಮೊದಲ ದಿನವೇ ನಡುಕ, ಬೆವರು ಶುರುವಾಗಬಹುದು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣಿಸುವ ಸನ್ನಿ ಹಿಡಿಯಬಹುದು. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ನಿದ್ದೆ ಮಾತ್ರೆ ತಟಕ್ಕನೆ ನಿಂತರೂ ಹೀಗೇ ಆಗುವುದುಂಟು. ವಿಷಯ ಗೊತ್ತಾದ ಕೂಡಲೇ ಡಾಕ್ಟರು ಜಿಲ್ಲಾಸ್ಪತ್ರೆಯ ಮನೋವೈದ್ಯರ ಜೊತೆ ಮಾತಾಡಿ ಈ ಸನ್ನಿಯನ್ನು ತಣಿಸುವ ಲೋರಜೆಪಾಮ್, ಜೊತೆಗೆ ಥಯಾಮಿನ್ ಅನ್ನುವ ಬಿ1 ವಿಟಮಿನ್ ಶುರು ಮಾಡಿದರು. ಕೈಗಳನ್ನು ಬಿಚ್ಚಿಸಿದರು. ಮೂರನೇ ದಿನಕ್ಕೆ ಮೇಷ್ಟ್ರು ನನ್ನ ಹೆಸರು ಕೇಳಿ, ಯಾವ ಊರಮ್ಮ ನಿಮ್ಮದು ಅಂದರು.

ಸಿಸ್ಟರಿಗೂ ಡಾಕ್ಟರಿಗೂ ಹೇಳಿದ್ದು ಇಷ್ಟು. ಮುರಿದ ಮೂಳೆ ಇರಲಿ, ಬರೀ ತಲೆಸುತ್ತಿರಲಿ, ಅರವತ್ತು ದಾಟಿದ ಪ್ರತಿಯೊಬ್ಬರನ್ನೂ ಕೇಳಿ. ಆಗ ಅದು ಯಾರ ಮೇಲಿನ ಅನುಮಾನವೂ ಆಗುವುದಿಲ್ಲ. ಮಗ ಸೊಸೆ ಎದುರಿಗೆ ಕೇಳಬೇಡಿ. "ಕುಡೀತೀರಾ?" ಅಂದರೆ "ಇಲ್ಲ" ಅಂತಲೇ ಉತ್ತರ ಬರುತ್ತದೆ. ನಿದ್ದೆಯಿಂದ ಶುರು ಮಾಡಿ: "ರಾತ್ರಿ ನಿದ್ದೆ ಬರುತ್ತಾ ಮೇಷ್ಟ್ರೇ? ಮಲಗೋ ಮುಂಚೆ ಮಾತ್ರೆ, ಟಾನಿಕ್, ಡ್ರಿಂಕ್ಸ್ ಏನಾದ್ರೂ ತಗೊಳ್ತೀರಾ? ನೈಂಟಿನಾ, ಕ್ವಾರ್ಟರಾ? ಕೊನೇ ಸಲ ತಗೊಂಡಿದ್ದು ಯಾವಾಗ?" ಈ ಕೊನೆಯ ಪ್ರಶ್ನೆಯೇ ಜೀವ ಉಳಿಸುವುದು.

ಅಳತೆಯ ಬಗ್ಗೆಯೂ ಮಾತಾಡಿದೆವು. 90 ಮಿಲಿ ವಿಸ್ಕಿಯಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್ ಇರುತ್ತದೆ, ಹತ್ತು ಗ್ರಾಂಗೆ ಒಂದು ಡ್ರಿಂಕ್ ಅನ್ನುವ ಲೆಕ್ಕದಲ್ಲಿ ಮೂರು ಡ್ರಿಂಕ್. ಮೇಷ್ಟ್ರು ದಿನಕ್ಕೆ ಆರು ಡ್ರಿಂಕ್ ಕುಡಿಯುತ್ತಿದ್ದರು. ವಯಸ್ಸಾದಂತೆ ಮೈಯಲ್ಲಿ ನೀರಿನಂಶ ಇಳಿಯುತ್ತದೆ, ಹಾಗಾಗಿ ಅದೇ ಅಳತೆ ರಕ್ತದಲ್ಲಿ ಹೆಚ್ಚು ಏರುತ್ತದೆ. ಅದರ ಮೇಲೆ ನಿದ್ದೆ ಮಾತ್ರೆ ಬಿದ್ದರೆ ಕಾಲು ನಿಲ್ಲುವುದಿಲ್ಲ, ಉಸಿರಾಟಕ್ಕೂ ಅಪಾಯ. ಖಾಲಿ ಹೊಟ್ಟೆಯಲ್ಲಿ ಕುಡಿದವರಿಗೆ ಕೆಲವು ಶುಗರ್ ಮಾತ್ರೆಗಳಿಂದ ಶುಗರ್ ಪಾತಾಳಕ್ಕಿಳಿಯಬಹುದು. ಇನ್ನೊಂದು ಮಾತು. ದುಡಿಯುವ ವಯಸ್ಸಿನವರಾದರೆ ಕೆಲಸ ತಪ್ಪಿಸಿ ಸಿಕ್ಕಿಬೀಳುತ್ತಾರೆ. ಪಿಂಚಣಿದಾರರು ಮನೆಯಲ್ಲೇ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಮರೆವು, ನಡುಕ, ಬೀಳುವುದು ಎಲ್ಲವೂ ವಯಸ್ಸಿನ ಲೆಕ್ಕಕ್ಕೆ ಹೋಗಿಬಿಡುತ್ತವೆ.

ಮಗನಿಗೆ ಸಿಟ್ಟು ಬಂದಿತ್ತು. "ಮನೆಗೆ ಹೋದ್ಮೇಲೆ ಒಂದು ಮಾತ್ರೇನೂ ಕೊಡಲ್ಲ" ಅಂದ. ಬೇಡಪ್ಪ, ನಿದ್ದೆ ಮಾತ್ರೆಯನ್ನು ಡಾಕ್ಟರ ಲೆಕ್ಕದಂತೆ ವಾರಗಟ್ಟಲೆ, ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ನಿಧಾನವಾಗಿ ಇಳಿಸಬೇಕು ಅಂದೆ. ಹಳೇ ಚೀಟಿ ಹರಿದುಹಾಕಿಸಿದೆ. ನೈಂಟಿ ತರುವುದನ್ನು ಮಾತ್ರ ಅವನೇ ನಿಲ್ಲಿಸಬೇಕಿತ್ತು. ಮದ್ಯ ನಿಂತಿದ್ದರ ಬಾಧೆ ಆಸ್ಪತ್ರೆಯಲ್ಲೇ ಇಳಿದಾಗಿತ್ತು. ಮತ್ತೆ ಕುಡಿಯಲು ಶುರುಮಾಡಿಬಿಟ್ಟರೆ ಮನೆಯಲ್ಲಿ ಥಟ್ಟನೆ ನಿಲ್ಲಿಸಬೇಡಿ, ಆಸ್ಪತ್ರೆಗೇ ಕರೆತನ್ನಿ ಎಂದೂ ಹೇಳಿದೆ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ. ಯಾವ ಹೊತ್ತಿಗಾದರೂ ಎತ್ತುತ್ತಾರೆ, ದುಡ್ಡಿಲ್ಲ.

ಮೇಷ್ಟ್ರ ಜೊತೆ ಮದ್ಯದ ಮಾತಿಗಿಂತ ಸಂಜೆ ಆರರ ಮಾತೇ ಹೆಚ್ಚಾಯಿತು. ಹೆಂಡತಿ ದೀಪ ಹಚ್ಚಿ, ಕಾಫಿ ಲೋಟ ತಂದು ಜಗಲಿಯ ಮೇಲೆ ಇಡುತ್ತಿದ್ದ ಹೊತ್ತು ಅದು. "ಆ ಲೋಟ ಇಡೋ ಸದ್ದಿಲ್ಲದೆ ಕತ್ತಲಾಗೋದನ್ನ ನನಗೆ ನೋಡೋಕಾಗಲ್ಲಮ್ಮ" ಅಂದರು. ನಾನು ತಕ್ಷಣ ಏನೂ ಹೇಳಲಿಲ್ಲ. ಆಮೇಲೆ ಕೇಳಿದೆ, ಆ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ? ಯಾರೂ ಇರುತ್ತಿರಲಿಲ್ಲ. ಸೊಸೆ ತಾನೇ ಮುಂದೆ ಬಂದು, ಆರು ಗಂಟೆಯ ಕಾಫಿ ನಾನು ತರ್ತೀನಿ ಮಾವ ಅಂದಳು. ಪಕ್ಕದ ಮನೆಯ ಇಬ್ಬರು ಮಕ್ಕಳು ಲೆಕ್ಕ ಹೇಳಿಸಿಕೊಳ್ಳಲು ಬರತೊಡಗಿದರು.

ನಾಲ್ಕು ತಿಂಗಳಾಗಿದೆ. ಮೇಷ್ಟ್ರು ವಾಕರ್ ಹಿಡಿದು ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಕ್ಲಿನಿಕ್ಕಿಗೆ, ಬರುತ್ತಾರೆ. ನಿದ್ದೆ ಮಾತ್ರೆ ಅರ್ಧಕ್ಕಿಳಿದಿದೆ. ಹೆಂಡತಿಯ ತಿಥಿಯ ರಾತ್ರಿ ಒಮ್ಮೆ ಕುಡಿದರು. ಮರುದಿನ ತಾವೇ ಸಿಸ್ಟರಿಗೆ ಫೋನ್ ಮಾಡಿ ಹೇಳಿದರು. ಸಿಸ್ಟರ್ ಬೈಯಲಿಲ್ಲ, ಕೈ ನಡುಕ ಇದೆಯಾ ಎಂದಷ್ಟೇ ಕೇಳಿದರಂತೆ.

ಹೋದ ವಾರ ಅದೇ ವಾರ್ಡಿಗೆ ಹೋಗಿದ್ದೆ. ತಲೆಸುತ್ತೆಂದು ಬಂದ ಅಜ್ಜಿಯೊಬ್ಬರ ಕೇಸ್ ಶೀಟಿನಲ್ಲಿ ಅಭ್ಯಾಸಗಳ ಸಾಲು ತುಂಬಿತ್ತು: ನಿದ್ದೆ ಮಾತ್ರೆ, ಐದು ವರ್ಷದಿಂದ; ಕೊನೆಯದು ನಿನ್ನೆ ರಾತ್ರಿ ಒಂಬತ್ತಕ್ಕೆ.