ಸಿಡಬ್ಲ್ಯೂಎನ್‌ಎ ಪರೀಕ್ಷೆಗೆ ಮೂರು ತಿಂಗಳ ತಯಾರಿ ಸಾಕೇ?

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷಗಳಿಂದ ಕಚೇರಿ ಮತ್ತು ಹೋಟೆಲುಗಳಿಗೆ ವೈ-ಫೈ ಅಳವಡಿಸುವ ಕೆಲಸ ಮಾಡುತ್ತಿರುವುದಾಗಿಯೂ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿರುವುದಾಗಿಯೂ, ಕೆಲಸ ಮುಗಿದ ಮೇಲೆ ದಿನಕ್ಕೆ ಎರಡು ಗಂಟೆಯಂತೆ ಮೂರು ತಿಂಗಳು ಓದಿದರೆ, ವೈ-ಫೈ ಜಾಲಗಳ ಜ್ಞಾನಕ್ಕೆ ಪ್ರಮಾಣಪತ್ರ ಕೊಡುವ ಸಿಡಬ್ಲ್ಯೂಎನ್‌ಎ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದೇ ಎಂದೂ ತಾವು ಕೇಳಿದ್ದೀರಿ. ಆಗಬಹುದು. ಆದರೆ ಆ ಮೂರು ತಿಂಗಳಲ್ಲಿ ಏನನ್ನು ಮೊದಲು ಓದುತ್ತೀರಿ ಎಂಬುದು ಎಷ್ಟು ಓದುತ್ತೀರಿ ಎಂಬುದಕ್ಕಿಂತ ಮುಖ್ಯ. ನಾನು ಈ ಪರೀಕ್ಷೆಯನ್ನು ಎರಡು ಬಾರಿ ಬರೆದಿದ್ದೇನೆ. ಮೊದಲ ಬಾರಿ ಅನುತ್ತೀರ್ಣನಾದೆ. ಆದ್ದರಿಂದ ಎರಡೂ ಬಗೆಯ ತಯಾರಿಯ ಅನುಭವ ನನಗಿದೆ.

ಪರೀಕ್ಷೆಯ ಸ್ವರೂಪ ಸರಳ. ಅರವತ್ತು ಬಹು ಆಯ್ಕೆಯ ಪ್ರಶ್ನೆಗಳು, ತೊಂಬತ್ತು ನಿಮಿಷ, ತೇರ್ಗಡೆಗೆ ಶೇಕಡ 70. ಅಂದರೆ 42 ಉತ್ತರಗಳು ಸರಿಯಿರಬೇಕು. ನನಗೆ ಮೊದಲ ಬಾರಿ 38 ಬಂದಿದ್ದವು. ಪ್ರಮಾಣಪತ್ರ ಮೂರು ವರ್ಷ ಊರ್ಜಿತವಾಗಿರುತ್ತದೆ. ಇದನ್ನು ನಡೆಸುವ ಸಿಡಬ್ಲ್ಯೂಎನ್‌ಪಿ ಸಂಸ್ಥೆ ಯಾವುದೇ ಒಂದು ಕಂಪನಿಯ ಉಪಕರಣಕ್ಕೆ ಕಟ್ಟುಬಿದ್ದಿಲ್ಲವಾದ್ದರಿಂದ, ಸಿಸ್ಕೊ, ಅರುಬಾ ಎಂಬ ಭೇದವಿಲ್ಲದೆ ರೇಡಿಯೊ ಅಲೆ ಮತ್ತು ವೈ-ಫೈಗೆ ಆಧಾರವಾದ 802.11 ಮಾನಕ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನೇ ಕೇಳುತ್ತಾರೆ. ವೈ-ಫೈ ಉಪಕರಣಗಳ ಕಂಟ್ರೋಲರಿನ ಮೆನುವಿನಲ್ಲಿ ಯಾವ ಗುಂಡಿ ಒತ್ತಬೇಕೆಂಬ ತಮ್ಮ ನಾಲ್ಕು ವರ್ಷಗಳ ಜ್ಞಾನಕ್ಕೆ ಇಲ್ಲಿ ನೇರವಾಗಿ ಅಂಕ ಸಿಗುವುದಿಲ್ಲ. ಆ ಗುಂಡಿ ಒತ್ತಿದಾಗ ಗಾಳಿಯಲ್ಲಿ ಏನಾಯಿತು ಎಂಬುದು ತಿಳಿದಿದ್ದರೆ ಸಿಗುತ್ತದೆ.

ನಾನು ಸೋತದ್ದಕ್ಕೆ ಒಂದು ಕಾರಣ ನನ್ನ ಜಿಪುಣತನ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿತೆಂದು ಹಳೆಯ ಆವೃತ್ತಿಯ ಪುಸ್ತಕ ಕೊಂಡಿದ್ದೆ. ಅದರಲ್ಲಿ ವೈ-ಫೈ 6, ಅಂದರೆ 802.11ಎಎಕ್ಸ್, ಹೆಸರಿಗೆ ಮಾತ್ರ ಇತ್ತು. ಕೆಲವು ವರ್ಷಗಳಿಗೊಮ್ಮೆ ಪರೀಕ್ಷೆಯ ಹೆಸರಿನ ಕೊನೆಯಲ್ಲಿರುವ ಸಂಖ್ಯೆ ಬದಲಾಗುತ್ತದೆ, ಅದರೊಂದಿಗೆ ಪಠ್ಯವೂ ಬದಲಾಗುತ್ತದೆ. ಸಂಸ್ಥೆಯ ಜಾಲತಾಣದಲ್ಲಿ ಪರೀಕ್ಷೆಯ ವಿಷಯಗಳ ಪಟ್ಟಿ ಉಚಿತವಾಗಿ ಸಿಗುತ್ತದೆ. ಮೊದಲು ಅದನ್ನು ಮುದ್ರಿಸಿಕೊಳ್ಳಿ, ಆಮೇಲೆ ಪುಸ್ತಕ ಕೊಳ್ಳಿ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು: ನಾನು ಕೋಷ್ಟಕಗಳನ್ನು ಬಾಯಿಪಾಠ ಮಾಡಿದ್ದೆ, ಲೆಕ್ಕವನ್ನು ಮಾಡಿರಲಿಲ್ಲ, ಗಾಳಿಯಲ್ಲಿ ಸಾಗುವ ದತ್ತಾಂಶದ ಪೊಟ್ಟಣಗಳಾದ ಫ್ರೇಮುಗಳನ್ನು ಕಣ್ಣಾರೆ ನೋಡಿರಲಿಲ್ಲ.

ಲೆಕ್ಕದಿಂದಲೇ ಪ್ರಾರಂಭಿಸಿ. ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಕಲಿತಂತೆ ಶಕ್ತಿ ಎಷ್ಟು ಪಟ್ಟು ಏರಿತು, ಇಳಿಯಿತು ಎಂದು ಅಳೆಯುವ ಡೆಸಿಬೆಲ್ (ಡಿಬಿ) ಮಗ್ಗಿಯನ್ನು ಕಲಿಯಬೇಕು. ಅದಕ್ಕೆ ನಾಲ್ಕೇ ಸಾಲು: 3 ಡಿಬಿ ಕೂಡಿದರೆ ಶಕ್ತಿ ಇಮ್ಮಡಿ, 3 ಡಿಬಿ ಕಳೆದರೆ ಅರ್ಧ, 10 ಡಿಬಿ ಕೂಡಿದರೆ ಹತ್ತು ಪಟ್ಟು, 10 ಡಿಬಿ ಕಳೆದರೆ ಹತ್ತನೆಯ ಒಂದು ಭಾಗ. 0 ಡಿಬಿಎಂ ಎಂದರೆ 1 ಮಿಲಿವ್ಯಾಟ್ ಎಂಬುದು ಆಧಾರ. ಈಗ ವೈ-ಫೈ ಸಂಕೇತ ಬಿತ್ತರಿಸುವ ಪೆಟ್ಟಿಗೆಯಾದ ಆಕ್ಸೆಸ್ ಪಾಯಿಂಟಿನಿಂದ 100 ಮಿಲಿವ್ಯಾಟ್ ಹೊರಡುತ್ತದೆ, ಕೇಬಲಿನಲ್ಲಿ 3 ಡಿಬಿ ನಷ್ಟವಾಗುತ್ತದೆ, ಆಂಟೆನಾದ ಗಳಿಕೆ 6 ಡಿಬಿಐ ಎಂದಿಟ್ಟುಕೊಳ್ಳಿ. 100 ಮಿಲಿವ್ಯಾಟ್ ಎಂದರೆ 20 ಡಿಬಿಎಂ. ಅದರಲ್ಲಿ 3 ಕಳೆದು 6 ಕೂಡಿದರೆ 23 ಡಿಬಿಎಂ, ಅಂದರೆ 200 ಮಿಲಿವ್ಯಾಟ್. ಇದೇ ಮಗ್ಗಿಯಿಂದ 7 ಡಿಬಿ ಎಂದರೆ ಐದು ಪಟ್ಟು ಎಂದು ತಾವೇ ಕಂಡುಕೊಳ್ಳಬಹುದು, ಏಕೆಂದರೆ ಹತ್ತು ಕೂಡಿ ಮೂರು ಕಳೆದರೆ ಏಳು. ತಾವು ಸರ್ವೆ ಮಾಡುವಾಗ ದಿನವೂ ನೋಡುವ ಮೈನಸ್ 67 ಡಿಬಿಎಂ ಎಷ್ಟು ಶಕ್ತಿ ಎಂದು ಒಮ್ಮೆ ಬಿಡಿಸಿ ನೋಡಿ. ಮೈನಸ್ 70 ಎಂದರೆ 0.1 ನ್ಯಾನೊವ್ಯಾಟ್, ಅದರ ಇಮ್ಮಡಿ 0.2 ನ್ಯಾನೊವ್ಯಾಟ್. ಇಷ್ಟು ಕ್ಷೀಣವಾದ ಸಂಕೇತದ ಮೇಲೆ ವಿಡಿಯೊ ಕರೆ ನಡೆಯುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿಯೇ.

ದೂರ ಇಮ್ಮಡಿಯಾದರೆ ಮುಕ್ತ ಅವಕಾಶದಲ್ಲಿ 6 ಡಿಬಿ ನಷ್ಟ ಎಂಬುದನ್ನೂ ಈ ಮಗ್ಗಿಗೆ ಸೇರಿಸಿಕೊಳ್ಳಿ. 5 ಗಿಗಾಹರ್ಟ್ಸ್ ಅಲೆ 2.4ರಷ್ಟು ದೂರ ಹೋಗುವುದಿಲ್ಲ ಎಂದು ನಮ್ಮ ವೃತ್ತಿಯವರೆಲ್ಲ ಹೇಳುತ್ತೇವೆ. ಗೋಡೆಗಳನ್ನು ದಾಟುವಾಗ ಆ ಮಾತು ಬಹುಮಟ್ಟಿಗೆ ನಿಜ. ಆದರೆ ಬಯಲಿನಲ್ಲಿ ಕಾಣುವ ವ್ಯತ್ಯಾಸಕ್ಕೆ ಅಲೆ ಬೇಗ ಸವೆದುಹೋಗುವುದು ಕಾರಣವಲ್ಲ. ಆವರ್ತನ (ಫ್ರೀಕ್ವೆನ್ಸಿ) ಹೆಚ್ಚಿದಂತೆ ಅಲೆಯುದ್ದ ಕಡಿಮೆಯಾಗುತ್ತದೆ, ಅದೇ ಗಳಿಕೆಯ ಆಂಟೆನಾ ಚಿಕ್ಕದಾಗುತ್ತದೆ, ಚಿಕ್ಕ ಬೊಗಸೆಯಲ್ಲಿ ಕಡಿಮೆ ನೀರು ಹಿಡಿದಂತೆ ಅದು ಕಡಿಮೆ ಶಕ್ತಿಯನ್ನು ಹಿಡಿಯುತ್ತದೆ. ಇಂತಹ 'ಏಕೆ'ಗಳನ್ನು ಬಿಡಿಸಿಕೊಂಡವರಿಗೆ ಸೂತ್ರ ಮರೆತುಹೋದರೂ ಉತ್ತರ ಹೊಳೆಯುತ್ತದೆ.

ಎರಡನೆಯ ಕೆಲಸ ಫ್ರೇಮುಗಳನ್ನು ನೋಡುವುದು. ನನ್ನ ಎರಡನೆಯ ಪ್ರಯತ್ನದ ಗೆಲುವಿಗೆ ಇದೇ ಕಾರಣವೆಂದು ನಂಬಿದ್ದೇನೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಹಳೆಯದೊಂದು ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಸುತ್ತಲಿನ ಎಲ್ಲ ಫ್ರೇಮುಗಳನ್ನೂ ಆಲಿಸುವ ಮಾನಿಟರ್ ಮೋಡಿಗೆ ಒಗ್ಗುವ ಯುಎಸ್‌ಬಿ ಅಡಾಪ್ಟರ್ ಸಿಕ್ಕಿಸಿ, ವೈರ್‌ಶಾರ್ಕ್ ತೆರೆಯಿರಿ. ತಮ್ಮ ಮನೆಯ ಜಾಲವನ್ನು ಮಾತ್ರ ಬಳಸಿ. ಗ್ರಾಹಕರ ಜಾಲದಲ್ಲಿ ಅನುಮತಿಯಿಲ್ಲದೆ ಇದನ್ನು ಮಾಡಬಾರದು. ಆಕ್ಸೆಸ್ ಪಾಯಿಂಟ್ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ತನ್ನ ಇರವನ್ನು ಸಾರುವ ಬೀಕನ್ ಫ್ರೇಮ್ ಕಳುಹಿಸುವುದು ಪರದೆಯ ಮೇಲೆ ಕಾಣುತ್ತದೆ. ಫೋನಿನ ವೈ-ಫೈ ಆರಿಸಿ ಮತ್ತೆ ಹಚ್ಚಿ: ಪ್ರೋಬ್ (ಜಾಲವನ್ನು ಹುಡುಕುವುದು), ಅಥೆಂಟಿಕೇಶನ್ (ಗುರುತು ಒಪ್ಪಿಸುವುದು), ಅಸೋಸಿಯೇಶನ್ (ಜಾಲಕ್ಕೆ ಸೇರುವುದು), ಆಮೇಲೆ ಗೂಢಲಿಪಿಯ ಕೀಲಿ ಹೊಂದಿಸುವ ನಾಲ್ಕು ಸಂದೇಶಗಳ ಹಸ್ತಲಾಘವ, ಎಲ್ಲವೂ ಸಾಲಾಗಿ ಹಾದುಹೋಗುತ್ತವೆ. ಈಗ ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಡಿ. ಡಬ್ಲ್ಯೂಪಿಎ2 ಎಂಬ ಹಳೆಯ ಭದ್ರತಾ ವಿಧಾನದ ಜಾಲವಾದರೆ ಅಸೋಸಿಯೇಶನ್ ಯಶಸ್ವಿಯಾಗಿಯೇ ಮುಗಿಯುತ್ತದೆ. ಬಳಿಕ ಮೊದಲ ಎರಡು ಸಂದೇಶಗಳು ಮರುಕಳಿಸುತ್ತಲೇ ಇರುತ್ತವೆ, ಮೂರನೆಯದು ಬರುವುದೇ ಇಲ್ಲ. ಏಕೆಂದರೆ ಫೋನ್ ಕಳುಹಿಸಿದ ಎರಡನೆಯ ಸಂದೇಶದ ಮುದ್ರೆ ತಾಳೆಯಾಗದೆ ಆಕ್ಸೆಸ್ ಪಾಯಿಂಟ್ ಅದನ್ನು ಸದ್ದಿಲ್ಲದೆ ಎಸೆದುಬಿಡುತ್ತದೆ. ಅದರ ನಂತರದ ಡಬ್ಲ್ಯೂಪಿಎ3 ಜಾಲದಲ್ಲಾದರೆ ಇದೇ ತಪ್ಪು ಅಥೆಂಟಿಕೇಶನ್ ಹಂತದಲ್ಲಿಯೇ ಸಿಕ್ಕಿಬೀಳುತ್ತದೆ. ಈ ಎರಡು ದೃಶ್ಯಗಳನ್ನು ಒಂದು ಸಂಜೆ ನೋಡಿದರೆ, ಭದ್ರತೆಯ ಅಧ್ಯಾಯದ ಅರ್ಧ ಭಾಗ ತಾನಾಗಿಯೇ ಮನಸ್ಸಿನಲ್ಲಿ ಉಳಿಯುತ್ತದೆ.

ಗಾಳಿ ಎಲ್ಲರಿಗೂ ಒಂದೇ, ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತನಾಡಬೇಕು ಎಂಬುದು 802.11ರ ಮೂಲ ಕಟ್ಟಳೆ. ಕಾಯುವ ಅವಧಿಗಳ ಪಟ್ಟಿಯನ್ನು ನಾನು ಮೊದಲು ಉರು ಹೊಡೆದು ಮರೆತಿದ್ದೆ. ಅದು ಪಟ್ಟಿಯಲ್ಲ, ಲೆಕ್ಕ: 5 ಗಿಗಾಹರ್ಟ್ಸ್‌ನಲ್ಲಿ ಸಿಫ್ಸ್ ಎಂಬ ಅತಿ ಚಿಕ್ಕ ಕಾಯುವಿಕೆ 16 ಮೈಕ್ರೊಸೆಕೆಂಡ್, ಸ್ಲಾಟ್ ಎಂಬ ಕಾಲದ ತುಣುಕು 9, ಸಿಫ್ಸ್‌ಗೆ ಎರಡು ಸ್ಲಾಟ್ ಸೇರಿಸಿದರೆ ಸಾಮಾನ್ಯ ದತ್ತಾಂಶಕ್ಕೆ ಮುನ್ನ ಕಾಯುವ ಡಿಫ್ಸ್, ಅಂದರೆ 34. ಸ್ವೀಕೃತಿಯ ಫ್ರೇಮ್ ಸಿಫ್ಸ್ ಮಾತ್ರ ಕಾದು ಹೊರಡುತ್ತದೆ, ಉಳಿದವರೆಲ್ಲ ಅದಕ್ಕಿಂತ ಹೆಚ್ಚು ಕಾಯಬೇಕಾಗಿರುವುದರಿಂದ ನಡುವೆ ಯಾರೂ ಬಾಯಿ ಹಾಕಲಾರರು. ದೂರದ ಮೂಲೆಯಲ್ಲಿರುವ ಒಂದು ನಿಧಾನದ ಫೋನ್ ಇಡೀ ಹೋಟೆಲಿನ ವೇಗವನ್ನು ಏಕೆ ಕುಗ್ಗಿಸುತ್ತದೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಚಾರ್ಮಾಡಿ ಘಾಟಿಯಲ್ಲಿ ತುಂಬಿದ ಲಾರಿಯೊಂದು ಏರುತ್ತಿದ್ದರೆ ಹಿಂದಿರುವ ಕಾರುಗಳ ಎಂಜಿನ್ ಎಷ್ಟು ಬಲವಾಗಿದ್ದರೇನು? ನಿಧಾನದ ಫೋನ್ ಅಷ್ಟೇ ದತ್ತಾಂಶಕ್ಕೆ ಹೆಚ್ಚು ಹೊತ್ತು ಗಾಳಿಯನ್ನು ಹಿಡಿದುಕೊಳ್ಳುತ್ತದೆ. 802.11ಎಎಕ್ಸ್‌ನ ಒಎಫ್‌ಡಿಎಂಎ ಚಾನೆಲ್ಲನ್ನು ಸೀಳಿ, ಒಂದೇ ಪ್ರಸಾರದಲ್ಲಿ ಹಲವರಿಗೆ ಹಂಚುವುದು ಏಕೆ ಅಗತ್ಯವಾಯಿತು ಎಂಬುದು ಇದಾದ ಮೇಲೆ ಸುಲಭವಾಗಿ ತಿಳಿಯುತ್ತದೆ.

ತಮ್ಮ ಅನುಭವ ತಮ್ಮನ್ನೇ ದಾರಿ ತಪ್ಪಿಸಬಹುದಾದ ಒಂದು ಕಡೆಯಿದೆ. ಸಿಗ್ನಲ್ ಸಾಲದು ಎಂದು ಗ್ರಾಹಕರು ದೂರಿದಾಗ ಆಕ್ಸೆಸ್ ಪಾಯಿಂಟಿನ ಶಕ್ತಿಯನ್ನು ಗರಿಷ್ಠಕ್ಕೆ ಏರಿಸಿ ಬರುವುದು ನಮ್ಮಲ್ಲಿ ರೂಢಿ. ಹಾಗೆ ಮಾಡಿದರೆ ಫೋನಿಗೆ ಆಕ್ಸೆಸ್ ಪಾಯಿಂಟ್ ಕೇಳಿಸುತ್ತದೆ, ಆಕ್ಸೆಸ್ ಪಾಯಿಂಟಿಗೆ ಫೋನಿನ ಕ್ಷೀಣ ದನಿ ಕೇಳಿಸುವುದಿಲ್ಲ. ಫೋನಿನಲ್ಲಿ ಸಿಗ್ನಲ್ಲಿನ ಗೆರೆಗಳು ತುಂಬಿರುತ್ತವೆ, ಕರೆ ಕಡಿದುಹೋಗುತ್ತದೆ. ಪರೀಕ್ಷೆಯಲ್ಲಿ ಇಂತಹ ಸನ್ನಿವೇಶ ಕೊಟ್ಟಾಗ 'ಶಕ್ತಿ ಹೆಚ್ಚಿಸಿ' ಎಂಬ ಆಯ್ಕೆ ಒಮ್ಮೆಗೇ ಕೈ ಬೀಸಿ ಕರೆಯುತ್ತದೆ. ತುಸು ತಡೆದು ಯೋಚಿಸಿ.

ಮಾನಕ ಮತ್ತು ನಿಯಮಗಳ ಭಾಗದಲ್ಲಿ ಯಾರ ಕೆಲಸ ಯಾವುದು ಎಂಬುದು ಸ್ಪಷ್ಟವಿದ್ದರೆ ಹೆಚ್ಚಿನ ಗೊಂದಲ ತೀರುತ್ತದೆ. ಮಾನಕ ಬರೆಯುವುದು ಎಂಜಿನಿಯರುಗಳ ಸಂಸ್ಥೆಯಾದ ಐಇಇಇ, ಉಪಕರಣಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರೀಕ್ಷಿಸಿ ಮುದ್ರೆ ಒತ್ತುವುದು ವೈ-ಫೈ ಅಲೈಯನ್ಸ್, ಯಾವ ತರಂಗಪಟ್ಟಿಯನ್ನು ಎಷ್ಟು ಶಕ್ತಿಯಲ್ಲಿ ಬಳಸಬಹುದು ಎಂದು ಹೇಳುವುದು ಆಯಾ ದೇಶದ ನಿಯಂತ್ರಕ. ನಮ್ಮಲ್ಲಿ ಆ ಕೆಲಸ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ್ದು. 5 ಗಿಗಾಹರ್ಟ್ಸ್‌ನ ವಿಸ್ತಾರವಾದ ಭಾಗವನ್ನು ಪರವಾನಗಿಯಿಂದ ಮುಕ್ತಗೊಳಿಸಿದ ಅಧಿಸೂಚನೆ ಹೊರಬಿದ್ದದ್ದು 2018ರಲ್ಲಿ. ಈಥರ್ನೆಟ್ ತಂತಿಯ ಮೂಲಕ ವಿದ್ಯುತ್ ಕೊಡುವ ಮಾನಕಗಳ ಅಂಕಿಗಳನ್ನು ಮಾತ್ರ ಬಾಯಿಪಾಠ ಮಾಡದೆ ವಿಧಿಯಿಲ್ಲ: 802.3ಎಎಫ್ ಆದರೆ ಸ್ವಿಚ್ಚಿನ ಕಡೆ 15.4 ವ್ಯಾಟ್, ಉಪಕರಣಕ್ಕೆ ತಲಪುವುದು 12.95, 802.3ಎಟಿ ಆದರೆ 30 ಮತ್ತು 25.5.

ಇನ್ನು ಭಾಷೆಯ ವಿಷಯ. ಪರೀಕ್ಷೆ ಇಂಗ್ಲಿಷಿನಲ್ಲಿದೆ ಎಂಬ ಅಳುಕು ನನಗೂ ಇತ್ತು. ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿಯೇ ಇಟ್ಟುಕೊಂಡು, ಅವುಗಳ ವಿವರಣೆಯನ್ನು ಮಾತ್ರ ಟಿಪ್ಪಣಿ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಕನ್ನಡದಲ್ಲಿ ಎರಡು ವಾಕ್ಯ ಬರೆಯಲಾಗದ ವಿಷಯ ನನಗೆ ತಿಳಿದೇ ಇಲ್ಲ ಎಂಬುದು ಹೀಗೆ ಬರೆಯುವಾಗಲೇ ಗೊತ್ತಾಗುತ್ತಿತ್ತು. ಒಂದೇ ಆಕ್ಸೆಸ್ ಪಾಯಿಂಟಿನ ಎರಡು ಉಪಕರಣಗಳು ಒಂದಕ್ಕೊಂದು ಕೇಳಿಸದೆ ಒಟ್ಟಿಗೆ ಮಾತನಾಡಿಬಿಡುವ ಹಿಡನ್ ನೋಡ್ ಸಮಸ್ಯೆಯ ಪುಟವನ್ನು ನಾನು ಮೂರು ಬಾರಿ ಹರಿದುಹಾಕಿದ್ದೇನೆ. ಪರೀಕ್ಷೆಯಲ್ಲಿ ಕಷ್ಟವಾಗುವುದು ದೊಡ್ಡ ಪದಗಳಲ್ಲ, 'ಅಲ್ಲ', 'ಮೊದಲು', 'ಅತ್ಯುತ್ತಮ' ಎಂಬ ಅರ್ಥದ ಸಣ್ಣ ಪದಗಳು. ಪ್ರಶ್ನೆಗೆ ಒಂದೂವರೆ ನಿಮಿಷ ಇರುವುದರಿಂದ ಎರಡು ಬಾರಿ ಓದಲು ಸಮಯ ಸಾಕು.

ಸೋರಿಕೆಯಾದ ಪ್ರಶ್ನೋತ್ತರಗಳೆಂದು ಮಾರುವ ಪಿಡಿಎಫ್‌ಗಳ ಬಗೆಗೂ ಕೇಳಿದ್ದೀರಿ. ಬೇಡ. ಪರೀಕ್ಷೆಗೆ ಮುನ್ನ ಒಪ್ಪಿ ಸಹಿ ಮಾಡುವ ಕರಾರಿಗೆ ಅದು ವಿರುದ್ಧ. ಅಲ್ಲದೆ ಒಬ್ಬ ಸಹೋದ್ಯೋಗಿ ತೋರಿಸಿದ ಅಂತಹ ಒಂದು ಕಡತದಲ್ಲಿ ಡೆಸಿಬೆಲ್ ಲೆಕ್ಕದ ಉತ್ತರವೇ ತಪ್ಪಾಗಿತ್ತು. ಪುಸ್ತಕದ ಪ್ರತಿ ಅಧ್ಯಾಯದ ಕೊನೆಯಲ್ಲಿರುವ ಪ್ರಶ್ನೆಗಳನ್ನು ಬಿಡಿಸಿ, ಸರಿಯಾದ ಆಯ್ಕೆಯ ಜೊತೆಗೆ ಉಳಿದ ಮೂರು ಏಕೆ ತಪ್ಪು ಎಂದೂ ಬರೆಯಿರಿ.

ಮೂರು ತಿಂಗಳಲ್ಲಿ ಮೊದಲ ಆರು ವಾರಗಳನ್ನು ಲೆಕ್ಕಕ್ಕೂ ಫ್ರೇಮುಗಳಿಗೂ ಕೊಡಿ, ಉಳಿದದ್ದನ್ನೆಲ್ಲ ಆಮೇಲಿನ ನಾಲ್ಕು ವಾರಗಳಲ್ಲಿ ಓದಬಹುದು. ಕೊನೆಯ ಎರಡು ವಾರ ಗಡಿಯಾರ ಇಟ್ಟುಕೊಂಡು ಅಭ್ಯಾಸ ಪರೀಕ್ಷೆಗಳನ್ನು ಬರೆಯಿರಿ. ಹೆಸರು ನೋಂದಾಯಿಸುವಾಗ ಒಂದು ಎಚ್ಚರಿಕೆ: ನಮ್ಮ ಕಡೆಯವರ ಹೆಸರಿನ ಇನಿಶಿಯಲ್ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ರೀತಿ, ಗುರುತಿನ ಚೀಟಿಯಲ್ಲಿ ಇನ್ನೊಂದು ರೀತಿ ಇರುತ್ತದೆ. ನೋಂದಣಿಯ ಹೆಸರು ಪರೀಕ್ಷೆಯ ದಿನ ತೋರಿಸುವ ಗುರುತಿನ ಚೀಟಿಯಲ್ಲಿರುವಂತೆಯೇ ಇರಬೇಕು. ನಾನು ಇದನ್ನು ಗಮನಿಸಿದ್ದು ಪರೀಕ್ಷೆಗೆ ಮೂರು ದಿನವಿರುವಾಗ, ಓದಬೇಕಾಗಿದ್ದ ಒಂದಿಡೀ ದಿನ ಆ ತಿದ್ದುಪಡಿಯಲ್ಲಿಯೇ ಕಳೆಯಿತು.